ಬ್ಯಾರನ್ನಿನೊಳಗಿನ ಕ್ಲಾರಿಯೋನೆಟ್

೨೦ ಜನವರಿ ೨೦೨೫, ಸೋಮವಾರ

ಬೆಳಿಗ್ಗೆ ಚಲುವಯ್ಯ ಬಂದಿದ್ದರು. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಚಲುವಯ್ಯ. ಪಿರಿಯಾಪಟ್ಟಣದ ಎಲ್ಲ ಮದುವೆಗೂ ಮೊದಲು ಬಂದು ಕೊನೆಗೆ ಹೋಗುವವರು, ಹಾಗಾಗಿ ಬ್ಯಾಂಡಿನವರೆಲ್ಲ ಅವರಿಗೆ ಮನೆಯವರ ಹಾಗೆ. ಬಾಗಿಲಲ್ಲೇ ನಿಂತು ಕೂಗಿದರು.

"ಭಾಭಿ, ಇಷ್ಯ ಗೊತ್ತಾಯ್ತಾ? ಶಿವನಂಜಣ್ಣ ಮತ್ತೆ ಕ್ಲಾರಿಯೋನೆಟ್ ಕೈಗೆತ್ಕಂಡವ್ರೆ ಕಣ್ರೀ! ಅದೇನೋ ಹೊಸದಾಗಿ ರೆಕಾರ್ಡ್ ಮಾಡವ್ರಂತೆ. ಇಪ್ಪತ್ತಾರಕ್ಕೆ ಯೂಟ್ಯೂಬ್‌ನಾಗೆ ಬುಡ್ತಾರಂತೆ."

ನನಗೆ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಮಗಳು ಉಮ್ಮೆ ಹಾನಿ ಎಲ್ಲಿಟ್ಟಿರುತ್ತಾಳೋ ನನಗೆ ಗೊತ್ತಿಲ್ಲ. ಈಗ ಅಡುಗೆಯೆಲ್ಲ ಅವಳದೇ, ಮಾಡಿಟ್ಟು ಹುಣಸೂರಿಗೆ ಕಾಲೇಜಿಗೆ ಹೋಗುತ್ತಾಳೆ.

ಹೊಸ ಅಗ್ರಹಾರದ ಶಿವನಂಜಪ್ಪನವರು ಬಿಡುವಿದ್ದ ದಿನ ನೋಡಿಕೊಂಡು ಮದುವೆಯ ತಾರೀಕು ಇಟ್ಟವರು ಈ ನಾಲ್ಕು ತಾಲ್ಲೂಕುಗಳಲ್ಲೂ ಇದ್ದಾರೆ. ಅವರ ನವರತ್ನ ಬ್ಯಾಂಡ್ ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದವರು ನನ್ನ ಯಜಮಾನರು, ಮುಜಫರ್. ಉಳಿದ ದಿನಗಳಲ್ಲಿ ಹಾಸಿಗೆ ಅಂಗಡಿ, ಲಗ್ನದ ದಿನಗಳಲ್ಲಿ ಬ್ಯಾಂಡು. ಮೆರವಣಿಗೆ ಛತ್ರದ ಬಾಗಿಲಿಗೆ ಬಂದಾಗ ಶಿವನಂಜಣ್ಣ ಒಂದು ಟ್ಯೂನ್ ನುಡಿಸುತ್ತಿದ್ದರು. ಯಾವ ಸಿನಿಮಾದ್ದೂ ಅಲ್ಲ, ಅವರೇ ಕಟ್ಟಿದ್ದು. ಜನ ಅದಕ್ಕೆ ಹೊಸಿಲು ಟ್ಯೂನ್ ಎಂದು ಹೆಸರಿಟ್ಟರು. ಕ್ಲಾರಿಯೋನೆಟ್ ಏರುತ್ತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ, ಅಲ್ಲಿ ಬರೀ ಡ್ರಮ್. ನಮ್ಮ ಮದುವೆಯಲ್ಲಿ ಬೇರೆ ಯಾರೋ ಬಾರಿಸುತ್ತಿದ್ದ. ಆ ಜಾಗಕ್ಕೆ ಬಂದಾಗ ತಾಳ ತಪ್ಪಿದನಂತೆ. ಹೂವಿನ ಸೆಹರಾ ಕಟ್ಟಿಕೊಂಡಿದ್ದ ಮದುಮಗ ಕಾರಿನಿಂದ ಇಳಿದು, ಅವನ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಬಾರಿಸಿದರು. ಒಳಗೆ ಹೆಂಗಸರ ನಡುವೆ ಕುಳಿತಿದ್ದ ನಾನು ಅವರ ಮುಖ ನೋಡುವ ಮೊದಲು ಅವರ ಡ್ರಮ್ ಕೇಳಿದ್ದು.

ಆಗಸ್ಟಿನಲ್ಲಿ ಹೋದರು. ಅಂಗಡಿಯಲ್ಲಿ ಹತ್ತಿ ಬಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರು, ಅಷ್ಟೇ. ಗಂಡ ಹೋದವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದವು. ಅಂಗಡಿಯ ಷಟರ್ ಎತ್ತಿಲ್ಲ. ಫೋನಿನಲ್ಲಿ ಹೊಸಿಲು ಟ್ಯೂನ್ ಹಾಕಿಕೊಂಡು ಕುಳಿತಿರುತ್ತೇನೆ. ಡ್ರಮ್ಮಿನ ಜಾಗ ಬಂದಾಗ ಅವರು ಮನೆಯಲ್ಲಿರುತ್ತಾರೆ. ಮುಗಿದ ಮೇಲೆ ಇರುವುದಿಲ್ಲ. ಮತ್ತೆ ಹಾಕುತ್ತೇನೆ.

ಕೊರೋನಾ ವರ್ಷ ಬ್ಯಾಂಡ್ ನಿಂತಮೇಲೆ ಶಿವನಂಜಣ್ಣ ಎಲ್ಲಿಯೂ ನುಡಿಸಿರಲಿಲ್ಲ. ಈಗ ಹೊಸ ರೆಕಾರ್ಡ್ ಎಂದರೆ ಹೊಸಿಲು ಟ್ಯೂನ್ ಇಲ್ಲದೆ ಇರುತ್ತದೆಯೇ? ಬ್ಯಾಂಡಿನ ಹಳೆಯ ಸಿ.ಡಿ.ಯಿಂದ ಮುಜಫರ್ ಅವರ ಡ್ರಮ್ಮನ್ನೇ ತೆಗೆದು ಸೇರಿಸಿದ್ದರೂ ಸೇರಿಸಿರಬಹುದು. ಈಗ ಅದೆಲ್ಲ ಸಾಧ್ಯವಂತೆ, ಚಲುವಯ್ಯ ಹೇಳಿದರು.

೨೬ ಜನವರಿ, ಭಾನುವಾರ

ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಕುಳಿತಿದ್ದೆ. ಹಾನಿ ಫೋನನ್ನು ಟಿ.ವಿ.ಗೆ ಜೋಡಿಸಿದಳು. ರೆಕಾರ್ಡಿನ ಹೆಸರು 'ಖಾಲಿ ಬ್ಯಾರನ್'. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಫೋಟೋ, ಅದರ ಇಟ್ಟಿಗೆ ಗೋಡೆ, ಸಣ್ಣ ಬಾಗಿಲು. ಮನುಷ್ಯರು ಯಾರೂ ಇಲ್ಲ.

ಮೊದಲು ಬರೀ ಉಸಿರು. ಬಹಳ ಹೊತ್ತು ಉಸಿರೇ. ಆಮೇಲೆ ತೀರ ತಗ್ಗಿನಲ್ಲಿ ಒಂದು ಸ್ವರ, ಹಸು ಕೊಟ್ಟಿಗೆಯಲ್ಲಿ ನರಳಿದ ಹಾಗೆ. ಅದೇ ಸ್ವರ ಗೋಡೆಗೆ ಬಡಿದು ವಾಪಸ್ಸು ಬರುತ್ತದೆ, ಇವರು ಅದಕ್ಕೆ ಇನ್ನೊಂದು ಸ್ವರ ಹಾಕುತ್ತಾರೆ. ಟ್ಯೂನ್ ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಕಾದೆ. ಆಗಲೇ ಇಲ್ಲ.

ಡ್ರಮ್ ಇಲ್ಲ. ಯಾವ ಡ್ರಮ್ಮೂ ಇಲ್ಲ.

ಅರ್ಧಕ್ಕೇ ಆರಿಸು ಎಂದೆ.

"ಅಮ್ಮೀ, ಇನ್ನೂ ಮೂರು ಪೀಸ್ ಇದೆ," ಅಂದಳು ಹಾನಿ.

"ನೀನೇ ಕೇಳಿಕೋ."

ಅವಳು ಕಿವಿಗೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದಳು. ಹೇಗಿದೆ ಎಂದು ನಾನು ಕೇಳಲಿಲ್ಲ.

೨೮ ಜನವರಿ

ನವರತ್ನ ಅಭಿಮಾನಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನದಿಂದ ಇದೇ. 'ಅಣ್ಣನಿಗೆ ದಮ್ಮು ಬಂದಿದ್ಯಾ, ಆಸ್ಪತ್ರೆಗೆ ತೋರಿಸ್ರಪ್ಪ.' 'ನಮ್ಮ ಎಮ್ಮೆ ಇದಕ್ಕಿಂತ ಚೆನ್ನಾಗಿ ಹಾಡ್ತದೆ.' ಚಲುವಯ್ಯ ದೊಡ್ಡದೊಂದು ಆಡಿಯೋ ಹಾಕಿದ್ದಾರೆ. "ಐದು ವರ್ಸ ಕಾದಿದ್ದು ಇದಕ್ಕಾ ಕಣ್ರಪ್ಪಾ? ನನ್ ಮದ್ವೇಲಿ ನುಡಿಸಿದ್ದು, ನನ್ ತಂಗಿ ಮದ್ವೇಲಿ ನುಡಿಸಿದ್ದು ಈ ವಯ್ಯನೇನಾ?"

ನಾನೂ ಬರೆದೆ. 'ಡ್ರಮ್ ಇಲ್ಲದೆ ನವರತ್ನವೇ?' ಬಹಳ ಜನ ಕೈ ಮುಗಿಯುವ ಗುರುತು ಹಾಕಿದರು.

೯ ಫೆಬ್ರವರಿ, ಭಾನುವಾರ

ಚಲುವಯ್ಯ ಒಂದು ಉಪಾಯ ಹೂಡಿಕೊಂಡು ಬಂದಿದ್ದರು. ಬಳಗದಿಂದ ಶಿವನಂಜಣ್ಣನಿಗೆ ಸನ್ಮಾನ. ಏಪ್ರಿಲ್ ಕೊನೆಯ ಭಾನುವಾರ, ಇಲ್ಲೇ ಸಮುದಾಯ ಭವನದಲ್ಲಿ. ಶಾಲು, ಹಾರ, ಊಟ.

"ಬತ್ತೀನಿ ಅಂದವ್ರೆ. ಆದ್ರೆ ಹೊಸದೇ ನುಡಿಸೋದು ಅಂತವ್ರೆ. ನಾವ್ ಕೇಳಿದ್ರೆ ನಕ್ಕು ಸುಮ್ನಾಗ್ಬುಡ್ತಾರೆ. ನೀವು ಸ್ಟೇಜ್ ಮ್ಯಾಲೆ ನಿಂತ್ಕಂಡು, 'ಅಣ್ಣ, ನಮ್ಮೆಜಮಾನ್ರ ನೆನಪಿಗೆ ಒಂದ್ಸಲ ಹೊಸಿಲು ಟ್ಯೂನ್' ಅಂದ್ಬುಟ್ರೆ, ಇಲ್ಲ ಅನ್ನಕ್ಕಾಯ್ತದಾ?"

ಹುಣಸೂರಿನಿಂದ ಡ್ರಮ್ಮಿನವನೊಬ್ಬನನ್ನು ಕರೆಸಿ ಪರದೆಯ ಹಿಂದೆ ಕೂರಿಸುತ್ತಾರಂತೆ. ಶಿವನಂಜಣ್ಣನಿಗೆ ಮೊದಲೇ ಹೇಳುವುದಿಲ್ಲವಂತೆ.

ನಾನು ಒಪ್ಪಿಕೊಂಡೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಸಹ ಅನ್ನಲಿಲ್ಲ.

೧೩ ಫೆಬ್ರವರಿ

ಬೈಯುವುದಾದರೂ ಸರಿಯಾಗಿ ಕೇಳಿ ಬೈಯಬೇಕಲ್ಲ ಎಂದು ಇವತ್ತು ಎರಡನೆಯ ತುಣುಕನ್ನು ಪೂರ್ತಿ ಕೇಳಿದೆ. ನಡುವಿನಲ್ಲಿ ಒಂದು ಕಡೆ ಸ್ವರ ಇಳಿಯುತ್ತ ಇಳಿಯುತ್ತ ಹೋಗಿ, ಸೀಳಿದಂತಾಗಿ ನಿಂತುಬಿಡುತ್ತದೆ. ಆಮೇಲೆ ಏನೂ ಇಲ್ಲ. ಸೂರಿನ ತಗಡು ಬಿಸಿಲಿಗೆ ಟಿಣ್ ಎಂದದ್ದು ಕೇಳಿಸುತ್ತದೆ, ಎಲ್ಲೋ ಒಂದು ಕಾಗೆ. ಅಷ್ಟೇ. ತುಂಬ ಹೊತ್ತಾದ ಮೇಲೆ ಕ್ಲಾರಿಯೋನೆಟ್ ಮತ್ತೆ ಬರುತ್ತದೆ, ಯಾರನ್ನೋ ಎಬ್ಬಿಸಬಾರದು ಎಂಬಂತೆ.

ಅದು ಡ್ರಮ್ಮಿನ ಜಾಗ! ಕ್ಲಾರಿಯೋನೆಟ್ ನಿಂತರೆ ಮುಂದೆ ಬರುವುದು ಡ್ರಮ್ಮೇ. ಶಿವನಂಜಣ್ಣ ಅದನ್ನು ಮುಜಫರ್ ಅವರಿಗೇ ಬಿಟ್ಟಿದ್ದಾರೆ. ಬೇರೆ ಯಾರಿಗೂ ಕೊಡಲು ಮನಸ್ಸಾಗದೆ ಖಾಲಿ ಬಿಟ್ಟಿದ್ದಾರೆ. ಇದು ಯಾಕೆ ಯಾರಿಗೂ ಹೊಳೆಯಲಿಲ್ಲ?

ಹಾನಿ ಕಾಲೇಜಿನಿಂದ ಬಂದ ಕೂಡಲೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಇರಬಹುದು ಅಮ್ಮೀ," ಎಂದಳು.

೫ ಮಾರ್ಚ್

ರಂಜಾನಿನ ಉಪವಾಸ, ರೋಜಾ. ಫಜರ್ ನಮಾಜು ಮುಗಿಸಿ ಎರಡನೆಯದನ್ನು ಕೇಳಿದೆ. ಅಷ್ಟು ಬೆಳಿಗ್ಗೆ ಬೀದಿಯಲ್ಲಿ ಬೇರೆ ಸದ್ದಿರುವುದಿಲ್ಲ, ಹಾಗಾಗಿ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಒಬ್ಬ ಮನುಷ್ಯ ಅಷ್ಟು ಉದ್ದ ಊದುವುದು ಹೇಗೆ? ಅವರಿಗೆ ಅರವತ್ತು ದಾಟಿದೆ. ಮದುವೆಗಳಲ್ಲಿ ಇಷ್ಟೊಂದು ಉಸಿರು ಅವರಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಅಲ್ಲಿ ಪಟಾಕಿ, ಜನ, ಡ್ರಮ್ಮು.

ಮೂರನೆಯದನ್ನೂ ಕೇಳಿದೆ. ಅದು ಹಿಡಿಸಲಿಲ್ಲ. ಬರೀ ಕೀರಲು.

ಹೊಸಿಲು ಟ್ಯೂನ್ ಇವತ್ತು ಹಾಕಲು ಮರೆತೆ.

೨೨ ಮಾರ್ಚ್, ಶನಿವಾರ

ಮಧ್ಯಾಹ್ನ ಯಾರೋ ಅಂಗಡಿಯ ಷಟರ್ ಬಡಿಯುತ್ತಿದ್ದಾರೆ ಎಂದು ಪಕ್ಕದ ಮನೆಯವರು ಕರೆದರು. ಹೋಗಿ ನೋಡಿದರೆ ಕುಳ್ಳಿ. ಕಾಡಂಚಿನ ಹಾಡಿಯಿಂದ ಪ್ರತಿ ಬೇಸಿಗೆ ಬೂರುಗದ ಹತ್ತಿ ತಂದುಕೊಡುವವಳು. ಅವಳ ಗಂಡ ಮಾರ ಹತ್ತಿಯ ಮೂಟೆಗಳನ್ನು ಆಟೋದಿಂದ ಇಳಿಸುತ್ತಿದ್ದ.

"ಏನಮ್ಮಾ, ಅಂಗ್ಡಿ ಯಾಕ್ ಮುಚ್ಚೀರಿ? ಸಾಬ್ರೆಲ್ಲಿ?"

ಅವಳಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು. ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಇಷ್ಟು ತಿಂಗಳಲ್ಲಿ ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಕುಳ್ಳಿ ಮೆಟ್ಟಿಲ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಅವಳಿಗೆ ನೀರು ತಂದುಕೊಟ್ಟೆ.

ಮೂಟೆಗಳನ್ನು ಬೀದಿಯಲ್ಲಿ ಬಿಡುವ ಹಾಗಿಲ್ಲ. ಗಾಳಿಗೆ ಬೂರುಗದ ಹತ್ತಿ ಹಾರಿದರೆ ಹಿಡಿಯುವವರಿಲ್ಲ. ಬೀಗ ತುಕ್ಕು ಹಿಡಿದಿತ್ತು, ಮಾರ ಸೀಮೆಎಣ್ಣೆ ಹಾಕಿ ತೆಗೆದ. ಒಳಗೆ ಧೂಳು. ಗುಡಿಸಿದೆವು. ಗುಡಿಸುವಾಗ ಬೇಸರವಾಗದಿರಲೆಂದು ಫೋನಿನಲ್ಲಿ ಎರಡನೆಯದನ್ನು ಹಾಕಿದೆ.

"ಇದ್ಯಾರಮ್ಮ ಇಂಗ್ ಊದ್ತಿರೋದು?"

"ಶಿವನಂಜಪ್ಪನವರು. ನವರತ್ನ ಬ್ಯಾಂಡಿನವರು."

"ಅಯ್ ಬುಡಿ, ಅವ್ರಲ್ಲ. ನಮ್ ಹಾಡೀಗ್ ಬಂದು ನನ್ ತಮ್ಮನ್ ಮದ್ವೇಲಿ ನುಡ್ಸಿದ್ರಲ್ಲಾ, ಕುಣ್ದು ಕುಣ್ದು ಕಾಲ್ ನೋವು ಬಂದ್ಬುಟ್ಟಿತ್ತು. ಇದ್ಕೆ ಯಾರ್ ಕುಣೀತಾರೆ?"

"ಇದು ಕುಣಿಯಕ್ಕಲ್ಲ ಕುಳ್ಳಿ. ಸ್ವಲ್ಪ ತಡಿ, ಈಗ ಇಳಿಯುತ್ತೆ ನೋಡು. ಇಳಿದು ಹೋಗಿ ನಿಲ್ಲುತ್ತೆ. ಅಲ್ಲಿ ಕೇಳು."

ಅವಳು ಪೊರಕೆ ಹಿಡಿದುಕೊಂಡು ನಿಂತು ಕೇಳಿದಳು. ಕಾಗೆ ಕೂಗಿದ್ದು ಕೇಳಿ ಹೊರಗೆ ನೋಡಿದಳು. "ನಂಗೆ ಅಳೇದೇ ಚಂದ ಕಣಮ್ಮ," ಎಂದು ಮತ್ತೆ ಗುಡಿಸತೊಡಗಿದಳು.

ಹತ್ತಿ ಈ ಸಲ ಚೆನ್ನಾಗಿದೆ. ಬೀಜ ಕಡಿಮೆ. ಇಷ್ಟು ಹತ್ತಿಯನ್ನು ಸುಮ್ಮನೆ ಇಡುವುದಕ್ಕಾಗುವುದಿಲ್ಲ, ಎರಡು ದಿಂಬಾದರೂ ಹೊಲಿಯಬೇಕು.

೩೧ ಮಾರ್ಚ್, ಈದ್

ಹಾನಿಗೆ ಹೊಸ ಬಟ್ಟೆ ಹೊಲಿಸಿದ್ದೆ. ನಾನು ಹಾಕಲಿಲ್ಲ. ಶೀರ್ ಖುರ್ಮಾ ಮಾಡಿದೆ. ಅವರ ಬಟ್ಟಲನ್ನೂ ತೆಗೆದಿಟ್ಟುಬಿಟ್ಟಿದ್ದೆ. ಆಮೇಲೆ ಅದರಲ್ಲೇ ಚಲುವಯ್ಯನವರಿಗೆ ಕೊಟ್ಟೆ.

ಮತ್ತೇನೂ ಬರೆಯಲಾರೆ.

೬ ಏಪ್ರಿಲ್, ಭಾನುವಾರ

ಹಾನಿಯನ್ನು ಕರೆದುಕೊಂಡು ರಾವಂದೂರಿಗೆ ಹೋಗಿದ್ದೆ. ಶಿವನಂಜಣ್ಣ ಈಗ ಹೆಚ್ಚು ದಿನ ಅಲ್ಲಿಯೇ ಇರುತ್ತಾರೆ, ಅವರ ಭಾವಮೈದ ಲಿಂಗಣ್ಣನ ಹೊಲದಲ್ಲಿ. ಹೊಗೆಸೊಪ್ಪಿನ ಕಾಲ ಮುಗಿದು ಬ್ಯಾರನ್ ಖಾಲಿ ಇದೆ. ರೆಕಾರ್ಡ್ ಮಾಡಿದ್ದೂ ಅದರಲ್ಲೇ.

ಪರದೆಯ ಹಿಂದೆ ಡ್ರಮ್ಮಿನವನನ್ನು ಕೂರಿಸಿ ಅವರನ್ನು ಸಿಕ್ಕಿಸಿಹಾಕುವುದು ನನಗೆ ಸರಿ ಕಾಣಲಿಲ್ಲ. ನಾನು ಹೊಸಿಲು ಟ್ಯೂನ್ ಕೇಳುವವಳೇ, ಆದರೆ ಮೊದಲು ಅವರಿಗೆ ಹೇಳಿ ಕೇಳಬೇಕು. ಅದಕ್ಕೇ ಹೋದದ್ದು. ಇನ್ನೊಂದಕ್ಕೂ ಹೋದದ್ದು.

ತಲೆ ಪೂರ್ತಿ ಬೆಳ್ಳಗಾಗಿದೆ. ಬ್ಯಾಂಡಿನ ಕೆಂಪು ಕೋಟಿಲ್ಲದೆ ಅವರನ್ನು ನಾನು ನೋಡಿಯೇ ಇರಲಿಲ್ಲ. ಲುಂಗಿ, ಬನಿಯನ್, ಕೊರಳಲ್ಲಿ ಟವೆಲ್. ಮುಜಫರ್ ಅವರ ಮಣ್ಣಿಗೆ ಇವರು ಬಂದಿದ್ದರಂತೆ, ಆ ದಿನ ನನಗೆ ಯಾರೂ ಕಂಡಿರಲಿಲ್ಲ.

"ಬನ್ನಿ ತಾಯಿ. ನಿಮ್ ಮೆಸೇಜ್ ನೋಡ್ದೆ. ಡ್ರಮ್ ಇಲ್ದೆ ನವರತ್ನವೇ ಅಂತ ಹಾಕಿದ್ರಲ್ಲ," ಎಂದು ನಕ್ಕರು. ಯಾರೋ ಅವರಿಗೆ ತೋರಿಸಿದ್ದಾರೆ. ನನಗೆ ನಾಚಿಕೆಯಾಯಿತು.

ಬ್ಯಾರನ್ನಿನೊಳಗೆ ಕರೆದೊಯ್ದರು. ಬಗ್ಗಿ ಹೋಗಬೇಕು. ಒಳಗೆ ಮಾತ್ರ ಬಹಳ ಎತ್ತರ, ಸೊಪ್ಪು ನೇತುಹಾಕುವ ಗಳಗಳು ಒಂದರ ಮೇಲೊಂದು ಸೂರಿನವರೆಗೆ. ಗೋಡೆಗೆ ಹೊಗೆಸೊಪ್ಪಿನ ಸಿಹಿ ಘಾಟು ಅಂಟಿಕೊಂಡಿದೆ. ಹಾನಿ ಸೀನಿದಳು. ಅವಳ ಸೀನು ಮೇಲೆ ಹೋಗಿ, ತಿರುಗಿ, ನಮ್ಮ ತಲೆಯ ಮೇಲೆ ಬಿತ್ತು.

"ಇದೇ," ಎಂದರು ಶಿವನಂಜಣ್ಣ. "ಹೋದ್ ವರ್ಸ ಸೊಪ್ಪು ಇಳಿಸ್ಕೊಡಕ್ಕೆ ಬಂದಿದ್ದೆ. ಎಲ್ಲಾ ಇಳಿಸಿ ಖಾಲಿ ಮಾಡಿದ್ ಮ್ಯಾಲೆ ಸುಮ್ನೆ ಒಂದ್ಸಲ ಕೂಗ್ದೆ. ನನ್ ಕೂಗು ನಂಗೇ ವಾಪಸ್ ಬಂತು, ಆದ್ರೆ ನಾನು ಕೂಗಿದ್ ತರ ಇರ್ಲಿಲ್ಲ. ಮಾರ್ನೇ ದಿನ ಕ್ಲಾರಿಯೋನೆಟ್ ತಂದೆ."

ನಮಗಾಗಿ ನುಡಿಸಿದರು. ಟಿ.ವಿ.ಯಲ್ಲಿ ಕೇಳಿದ್ದು ಏನೂ ಅಲ್ಲ ಎಂದು ಆಗ ತಿಳಿಯಿತು. ತಗ್ಗಿನ ಸ್ವರ ನೆಲದಿಂದ ಅಂಗಾಲಿಗೆ ಹತ್ತುತ್ತದೆ. ಮೇಲಿನ ಗಳಗಳಿಂದ ಹಿಂದಿರುಗಿ ಬರುವ ಸ್ವರಕ್ಕೆ ಅವರು ಕಾಯುತ್ತಾರೆ, ಅದು ಬಂದ ಮೇಲೆ ತಲೆ ಓರೆ ಮಾಡಿ ಯೋಚಿಸಿ ಇನ್ನೊಂದನ್ನು ಕಳಿಸುತ್ತಾರೆ. ಅವರ ಮುಖ ಅಷ್ಟು ಎಚ್ಚರವಾಗಿದ್ದದ್ದನ್ನು ನಾನು ಯಾವ ಮದುವೆಯಲ್ಲಿಯೂ ಕಂಡಿಲ್ಲ. ಹಾನಿ ಕಣ್ಣು ಮುಚ್ಚಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

ಮುಗಿದಮೇಲೆ ನಾನು ಕೇಳಿದೆ. "ಅಣ್ಣ, ಎರಡನೇದರಲ್ಲಿ ನಡುವೆ ನಿಲ್ಲಿಸ್ತೀರಲ್ಲ. ಆ ಖಾಲಿ ಜಾಗ ಅವರಿಗೋಸ್ಕರ ಬಿಟ್ಟಿದ್ದು ತಾನೆ?"

ಅವರು ಕ್ಲಾರಿಯೋನೆಟ್ಟನ್ನು ಟವೆಲಿನಿಂದ ಕೊನೆಯವರೆಗೆ ಒರೆಸಿದರು.

"ಹೂಂ ಅಂದ್ಬುಟ್ರೆ ನಿಮಗೂ ಸಮಾಧಾನ, ನಂಗೂ ಒಳ್ಳೇ ಹೆಸರು. ಆದ್ರೆ ಅಲ್ಲ ಕಣಮ್ಮ. ಅವನಿದ್ದಿದ್ರೂ ಅಲ್ಲಿ ಬಾರಿಸ್ಬೇಡ ಅಂತಾನೇ ಹೇಳ್ತಿದ್ದೆ."

ನಾನು ಮೇಲಿನ ಗಳಗಳ ಕಡೆ ನೋಡಿದೆ.

"ಅವನು ಬುಡ್ತಿದ್ನಾ? ಜಗಳ ಆಡ್ತಿದ್ದ. ಡ್ರಮ್ ಹೊತ್ಕಂಡು ಬಂದ್ಬುಟ್ಟು, ಬಾರಿಸೇ ಬಾರಿಸ್ತೀನಿ, ಏನ್ ಮಾಡ್ಕತೀರಾ ಅಂತಿದ್ದ. ಎರಡ್ ತಿಂಗ್ಳು ನಾವು ಮಾತು ಬುಡ್ತಿದ್ವಿ."

"ಹಾಗಾದ್ರೆ ಹೊಸಿಲು ಟ್ಯೂನ್?" ಎಂದೆ. ದನಿ ನನಗೇ ಕೆಟ್ಟದಾಗಿ ಕೇಳಿಸಿತು, ಗೋಡೆಗಳು ಅದನ್ನು ಇನ್ನೊಮ್ಮೆ ಹೇಳಿದವು.

"ಅದು ಈಗ ನನ್ ಬೆರಳಿಗ್ ಗೊತ್ತು, ನಂಗ್ ಗೊತ್ತಿಲ್ಲ. ಬೆರಳು ಅವ್ ಪಾಡಿಗವು ನುಡಿಸ್ತಾ ಇರ್ತವೆ, ನಾನು ಊಟಕ್ಕೆ ಏನ್ ಮಾಡ್ಸವ್ರೆ ಅಂತ ಯೋಚ್ನೆ ಮಾಡ್ತಿರ್ತೀನಿ. ಜನ ಅಳ್ತಿರ್ತಾರೆ. ನಂಗೆ ಅದು ಮೋಸ ಅನ್ಸಕ್ ಶುರುವಾಯ್ತು."

ಸನ್ಮಾನದಲ್ಲಿ ಕೇಳುತ್ತೇನೆ ಎಂದು ಹೇಳಲು ಹೋದವಳು ಹೇಳದೆ ಬಸ್ಸು ಹತ್ತಿದೆ.

೭ ಏಪ್ರಿಲ್

ಕೇಳಿಯೇ ಕೇಳುತ್ತೇನೆ. ಸಾವಿರ ಜನದ ಎದುರು ಕೇಳುತ್ತೇನೆ.

೧೫ ಏಪ್ರಿಲ್

ಒಂದು ವಾರ ಫೋನ್ ಮುಟ್ಟಲಿಲ್ಲ. ಹೊಸದೂ ಬೇಡ, ಹಳೆಯದೂ ಬೇಡ. ಅಂಗಡಿಯಲ್ಲಿ ಕುಳಿತು ಹತ್ತಿ ಬಡಿದೆ. ಮುಜಫರ್ ಬಡಿಯುತ್ತಿದ್ದ ಕೋಲು ನನಗೆ ಭಾರ. ಎರಡು ಕೋಲಿನಲ್ಲಿ ಅವರು ಮಾಡುತ್ತಿದ್ದ ಸದ್ದು ಬೀದಿ ಕೊನೆಯವರೆಗೆ ತಾಳದಂತೆ ಕೇಳುತ್ತಿತ್ತು. ನಾನು ಒಂದೇ ಕೋಲಿನಲ್ಲಿ, ಬೇಕಾದಾಗ ನಿಲ್ಲಿಸಿಕೊಂಡು ಬಡಿಯುತ್ತೇನೆ. ಹತ್ತಿಗೆ ಅದರಿಂದ ಏನೂ ಬೇಸರವಿಲ್ಲ.

ಬಡಿಯುತ್ತ ಶಿವನಂಜಣ್ಣ ಹೇಳಿದ್ದು ನೆನಪಿಗೆ ಬಂತು. 'ಎರಡ್ ತಿಂಗ್ಳು ಮಾತು ಬುಡ್ತಿದ್ವಿ.' ಬಿಡುತ್ತಿದ್ದರು, ನಿಜ. ಒಮ್ಮೆ ಕೆ.ಆರ್. ನಗರದ ಮದುವೆಯಲ್ಲಿ ಊಟಕ್ಕೆ ತಡವಾಯಿತೆಂದು ಇಬ್ಬರೂ ಜಗಳವಾಡಿಕೊಂಡು, ಮುಜಫರ್ ಡ್ರಮ್ ಹೊತ್ತು ನಡೆದುಕೊಂಡೇ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಶಿವನಂಜಣ್ಣ ಮೋಟಾರ್‌ಬೈಕಿನಲ್ಲಿ ಪಕ್ಕದಲ್ಲೇ ನಿಧಾನವಾಗಿ ಬೈಯುತ್ತ ಬಂದಿದ್ದರಂತೆ. ಎಷ್ಟು ಮೊಂಡು ಮನುಷ್ಯ ನನ್ನ ಗಂಡ! ಆಗಸ್ಟಿನಿಂದ ಎಲ್ಲರೂ ಅವರನ್ನು ಫರಿಷ್ತಾ, ದೇವದೂತ ಎನ್ನುತ್ತಿದ್ದಾರೆ. ಅವರ ಜತೆ ಜಗಳವಾಡಬಹುದಿತ್ತು ಎಂದು ಹೇಳಿದವರು ಶಿವನಂಜಣ್ಣ ಒಬ್ಬರೇ.

ನಗು ಬಂತು. ಹತ್ತಿ ಬಾಯಿಗೆ ಹೋಗಿ ಕೆಮ್ಮಿದೆ.

ರಾವಂದೂರಿನವರೊಬ್ಬರು ಹಾಸಿಗೆಗೆ ಹೇಳಿಹೋಗಿದ್ದಾರೆ. ಹುಣಸೂರಿಗೆ ಹೋಗಿ ಪಟ್ಟೆ ಬಟ್ಟೆ ತರಬೇಕು. ಹಾನಿಗೆ ಪರೀಕ್ಷೆ, ಅಡುಗೆ ನಾನೇ ಮಾಡುತ್ತಿದ್ದೇನೆ. ಸಕ್ಕರೆ ಡಬ್ಬಿಯನ್ನು ಒಲೆಯ ಪಕ್ಕಕ್ಕೆ ತಂದಿಟ್ಟೆ.

೨೮ ಏಪ್ರಿಲ್, ಸೋಮವಾರ

ನಿನ್ನೆ ಸನ್ಮಾನ. ಬಂದಮೇಲೆ ಬರೆಯಲು ಕೈ ಓಡಲಿಲ್ಲ, ಈಗ ಬರೆಯುತ್ತಿದ್ದೇನೆ.

ಭವನ ತುಂಬಿತ್ತು. ಹುಣಸೂರು, ಕೋಟೆ, ಕೆ.ಆರ್. ನಗರ ಎಲ್ಲ ಕಡೆಯಿಂದ ಜನ. ತಮ್ಮ ಮದುವೆಯ ಆಲ್ಬಮ್ ತಂದವರೂ ಇದ್ದರು, ಬ್ಯಾಂಡಿನವರ ಫೋಟೋ ತೋರಿಸಿಕೊಂಡು ಓಡಾಡುತ್ತಿದ್ದರು. ಚಲುವಯ್ಯ ಬಿಳಿ ಪಂಚೆ, ಬಿಳಿ ಷರ್ಟಿನಲ್ಲಿ ಮದುಮಗಳ ತಂದೆಯ ಹಾಗೆ ಬೆವರುತ್ತಿದ್ದರು. ಹಿಂದಿನ ಸಾಲಿನಲ್ಲಿ ಕುಳ್ಳಿ ಮತ್ತು ಮಾರ. ಶಾಲು, ಹಾರ, ಭಾಷಣ ಮುಗಿದವು. ಚಲುವಯ್ಯ ಮೈಕು ಹಿಡಿದರು.

"ಈಗ ನಮ್ಮ ಮುಜಫರ್ ಭಾಯಿ ಮನೆಯವ್ರು ಅಣ್ಣನ ಅತ್ರ ಒಂದು ಕೇಳ್ಕತಾರೆ."

ಎಲ್ಲರಿಗೂ ಗೊತ್ತಿತ್ತು, ಚಪ್ಪಾಳೆ ಬಿತ್ತು. ಮೈಕು ನನ್ನ ಕೈಗೆ ಬಂತು.

ಹೊಸಿಲು ಟ್ಯೂನ್ ಕೇಳಬೇಕೆಂದೇ ಹೋಗಿದ್ದೆ. ಇಲ್ಲಿ ಸುಳ್ಳು ಬರೆದುಕೊಂಡು ಏನು ಪ್ರಯೋಜನ? ಮೆಟ್ಟಿಲು ಹತ್ತುವಾಗಲೂ ಅದೇ ಬಾಯಲ್ಲಿತ್ತು.

ಶಿವನಂಜಣ್ಣ ನನ್ನನ್ನು ನೋಡಿದರು. ಪರದೆಯ ಕಡೆ ನೋಡಿದರು, ಕೆಳಗೆ ಡ್ರಮ್ಮಿನ ಕಾಲು ಕಾಣುತ್ತಿತ್ತು. ಅವರಿಗೆ ಎಲ್ಲ ತಿಳಿಯಿತು. ಸಿಟ್ಟು ಮಾಡಿಕೊಳ್ಳಲಿಲ್ಲ. ಎದ್ದು ನಿಂತು, ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಬೆರಳು ಇಟ್ಟರು. ಹೊಸಿಲು ಟ್ಯೂನಿನ ಮೊದಲ ಸ್ವರಕ್ಕೆ ಬೆರಳು ಎಲ್ಲಿರಬೇಕೋ ಅಲ್ಲಿ. ಅಷ್ಟು ಮದುವೆ ನೋಡಿದವಳಿಗೆ ಗೊತ್ತಾಗುವುದಿಲ್ಲವೇ?

"ಕೇಳಮ್ಮ," ಎಂದರು ಮೈಕಿಗೆ ಕೇಳಿಸದ ಹಾಗೆ. "ನುಡಿಸ್ತೀನಿ."

ನಾನು ಕೇಳಿದ್ದರೆ ನಿಜವಾಗಿಯೂ ನುಡಿಸುತ್ತಿದ್ದರು. ನನಗಾಗಿ, ತಮಗೆ ಮೋಸ ಅನ್ನಿಸಿದ್ದನ್ನು ಇನ್ನೊಮ್ಮೆ ಮಾಡುತ್ತಿದ್ದರು, ಜನ ಅಳುತ್ತಿದ್ದರು. ಬ್ಯಾರನ್ನಿನಲ್ಲಿ ತಲೆ ಓರೆ ಮಾಡಿ ಕಾಯುತ್ತಿದ್ದ ಆ ಮುಖ ಅಲ್ಲಿರಲಿಲ್ಲ. ಒಳ್ಳೆಯ ಮುಖವೇ, ಆದರೆ ಬೇರೆ. ಅಡ್ರೆಸ್ ಕೇಳಿದವರಿಗೆ ದಾರಿ ಹೇಳಲು ನಿಂತವರ ಮುಖ. ಕೇಳಿದರೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ನನಗೆ ಅದು ಬೇಡವಾಯಿತು.

"ಅಣ್ಣ," ಎಂದೆ, ಮೈಕು ಕಿರ್ ಎಂದಿತು. "ಬ್ಯಾರನ್ನಲ್ಲಿ ನುಡಿಸಿದ್ರಲ್ಲ, ಅದು ನುಡಿಸಿ. ಎರಡನೇದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಲುವಯ್ಯ ಮೈಕು ಇಸಿದುಕೊಂಡು, "ಭಾಭಿ ಗಾಬ್ರೀಲಿ ಮರ್ತುಬುಟ್ರು ಅನ್ಸ್ತದೆ, ಅದು ಎರಡನೇದಲ್ಲ, ಹೊಸಿಲು..." ಎಂದರು.

"ಮರೆತಿಲ್ಲ ಚಲುವಯ್ಯ. ಎರಡನೇದೇ."

"ಏನ್ ಭಾಭಿ ಇಂಗ್ ಮಾಡ್ಬುಟ್ರಿ," ಎಂದರು ಪಿಸುದನಿಯಲ್ಲಿ, ಅದೂ ಮೈಕಿನಲ್ಲಿ ಕೇಳಿಸಿತು. ಹಿಂದಿನಿಂದ ಯಾರೋ, "ನಡೀರ್ಲಾ, ಊಟದ್ ಕಡೀಗೋಗಣ," ಎಂದರು. ಕುರ್ಚಿಗಳು ಕರಕರ ಸರಿದವು. ಶಿವನಂಜಣ್ಣ ಬೆರಳು ತೆಗೆದು, ಕ್ಲಾರಿಯೋನೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಜನ ಎದ್ದು ಹೋಗುವುದನ್ನು ನೋಡುತ್ತ ನಿಂತರು. ಹೋಗುವವರೆಲ್ಲ ಹೋಗುವವರೆಗೂ ಕಾದರು. ಅರ್ಧದಷ್ಟು ಜನ ಉಳಿದರು. ಡ್ರಮ್ಮಿನವನೂ ಹೋಗಲಿಲ್ಲ, ಪರದೆ ಸರಿಸಿ, ಕೋಲು ತೊಡೆಯ ಮೇಲಿಟ್ಟುಕೊಂಡು ಕುಳಿತ.

ನುಡಿಸತೊಡಗಿದರು. ಮೊದಲು ಉಸಿರು. ನಾನು ಹಾನಿಯ ಪಕ್ಕ ಕುಳಿತು ಕಣ್ಣು ಮುಚ್ಚಿದೆ. ಎರಡನೆಯದರಲ್ಲಿ ಎಲ್ಲಿ ಏನು ಬರುತ್ತದೆ ಎಂದು ನನಗೆ ಬಾಯಿಪಾಠವಾಗಿದೆ. ಈಗ ತಗ್ಗಿನ ಸ್ವರ ಬರಬೇಕು. ಬರಲಿಲ್ಲ. ಮೇಲೆ ಫ್ಯಾನೊಂದು ಗುಂಯ್ ಅನ್ನುತ್ತಿತ್ತು, ಅದರ ಸ್ವರವನ್ನೇ ಹಿಡಿದರು. ಹಿಡಿದು, ಅದನ್ನು ಒಂದೆಳೆ ಮೇಲಕ್ಕೆ ಎತ್ತಿದರು. ಸರಿ, ಈಗ ಇಳಿಯುತ್ತದೆ, ಇಳಿದು ಸೀಳುತ್ತದೆ, ಆಮೇಲೆ ಖಾಲಿ ಜಾಗ ಎಂದು ಕಾದೆ. ಇಳಿಯಲೇ ಇಲ್ಲ. ಊಟದ ಕಡೆಯಿಂದ ತಟ್ಟೆ ಲೋಟದ ಸದ್ದು ಬಂತು, ಅದರ ಸಂದಿಯಲ್ಲಿ ಸಣ್ಣ ಸಣ್ಣ ಸ್ವರ ಹಾಕಿದರು. ಇದಲ್ಲ, ಇದು ಎರಡನೆಯದಲ್ಲ! ನಾನು ಕಣ್ಣು ತೆರೆದೆ. ಚಲುವಯ್ಯ ಸ್ಟೇಜಿನ ಮೂಲೆಯಲ್ಲಿ ತುಟಿ ಬಿಗಿದು, ಹೊಸಿಲು ಟ್ಯೂನ್ ಇನ್ನಾದರೂ ಬಂದೀತು ಎಂದು ಕಾಯುತ್ತ ನಿಂತಿದ್ದರು. ನಾನು ಕುಳಿತಿದ್ದದ್ದೂ ಥೇಟ್ ಹಾಗೆಯೇ.

ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದೆ. ಹಾನಿ, "ಅಮ್ಮೀ, ಅಳ್ತಿದ್ದೀರಾ?" ಎಂದಳು. ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಕಾಯುವುದು ಬಿಟ್ಟು ಕೇಳಿದೆ.

ಕೊನೆಯಲ್ಲಿ ಒಂದೇ ಸ್ವರವನ್ನು ಹಿಡಿದು ನಿಂತರು. ತೆಳ್ಳಗಾಗುತ್ತ ಆಗುತ್ತ ಅದು ಎಲ್ಲಿ ಮುಗಿದು ಫ್ಯಾನಿನ ಸದ್ದು ಎಲ್ಲಿ ಶುರುವಾಯಿತು ಎಂದು ಹೇಳಲಾಗಲಿಲ್ಲ. ಊಟದ ಕಡೆ ಹೋದವರಲ್ಲಿ ಕೆಲವರು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

ಕುಳ್ಳಿ ಹೊರಗೆ ಸಿಕ್ಕಳು. "ನಂಗೆ ಅಳೇದೇ ಚಂದ," ಎಂದಳು. "ಆದ್ರೆ ಕೊನೇಗ್ ಊದಿದ್ರಲ್ಲಾ, ಮೈ ಜುಂ ಅಂತು ಕಣಮ್ಮ."

ಶಿವನಂಜಣ್ಣ ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕರು. ಷರ್ಟು ಬೆವರಿನಲ್ಲಿ ತೊಪ್ಪೆಯಾಗಿತ್ತು.

"ಅಣ್ಣ, ನೀವು ನುಡಿಸಿದ್ದು ಎರಡನೇದಲ್ಲ."

"ಅಲ್ಲ ಕಣಮ್ಮ. ಅದು ಬ್ಯಾರನ್ದು. ಇಲ್ಲಿ ಆ ಗೋಡೆ ಎಲ್ಲಿವೆ?"

"ನಾನು ಕೇಳಿದ್ದು ಅದನ್ನೇ. ಅದಕ್ಕೇ ಕಾಯ್ತಾ ಕೂತಿದ್ದೆ."

ಅವರು ಮುಖಕ್ಕೆ ನೀರು ಎರಚಿಕೊಂಡು, ಟವೆಲಿನ ಸಂದಿಯಿಂದ ನನ್ನನ್ನು ನೋಡಿ ನಕ್ಕರು. "ಓಹೋ! ನೀವೂ ಸೇರ್ಕಂಡ್ರಾ ಬಳಗಕ್ಕೆ?"

ಚಲುವಯ್ಯ ನನ್ನ ಜತೆ ಮಾತಾಡಲಿಲ್ಲ. ಆದರೆ ನಾವು ಹೊರಡುವಾಗ ಹಾನಿಯ ಕೈಗೆ ದೊಡ್ಡ ಡಬ್ಬಿಯಲ್ಲಿ ಪಾಯಸ ಕೊಟ್ಟು ಕಳಿಸಿದರು.

೧೧ ಮೇ, ಭಾನುವಾರ

ಶಿವನಂಜಣ್ಣ ಹೊಸದೊಂದು ಕಳಿಸಿದ್ದಾರೆ. ಕೆ.ಆರ್. ನಗರದ ಕಡೆ ಯಾವುದೋ ನಾಲೆಯ ಸೇತುವೆಯ ಕೆಳಗೆ ಕುಳಿತು ಮಾಡಿದ್ದಂತೆ. ಈ ಸಲ ಊದಿಯೇ ಇಲ್ಲ. ಬರೀ ಕ್ಲಾರಿಯೋನೆಟ್ಟಿನ ಕೀಗಳ ಟಕಟಕ, ಕೆಳಗೆ ನೀರು. ಬ್ಯಾರನ್ ಎಷ್ಟು ಚೆನ್ನಾಗಿತ್ತು! ಇದೇನಣ್ಣ, ಕ್ಲಾರಿಯೋನೆಟ್ ಕೆಟ್ಟಿದೆಯಾ ಎಂದು ಮೆಸೇಜ್ ಹಾಕಿದೆ. ನಗುವ ಮುಖವೊಂದನ್ನು ಕಳಿಸಿದರು, ಅಷ್ಟೇ.

ಬಳಗದಲ್ಲಿ ಚಲುವಯ್ಯ, 'ಫರ್ಹತ್ ಭಾಭಿ, ಈಗ ನೀವೇ ಹೇಳಿ' ಎಂದು ಹಾಕಿದ್ದಾರೆ. ಹದಿನೈದು ದಿನದ ಮೇಲೆ ಅವರ ಮೊದಲ ಮಾತು. ಏನು ಹೇಳಲಿ? ನನಗೆ ಹಿಡಿಸಲಿಲ್ಲ.

ನಾಳೆ ಆಗುವುದಿಲ್ಲ, ರಾವಂದೂರಿಗೆ ಹಾಸಿಗೆ ಕೊಡಬೇಕು. ನಾಡಿದ್ದು ಬೆಳಿಗ್ಗೆ ಇನ್ನೊಮ್ಮೆ ಕೇಳಿ ನೋಡಿ ಹೇಳುತ್ತೇನೆ ಎಂದು ಬರೆದೆ.